ಮಕ್ಕಳ ಮುಂದೆ ಎರಡು ನಾಲಿಗೆ ಬೇಡ

"ಇದನ್ನ ಪರೀಕ್ಷೆಗೆ ಬರೀರಿ, ಮಾರ್ಕ್ಸ್ ಸಿಗುತ್ತೆ. ನಿಜ ಏನು ಅನ್ನೋದು ಬೇರೆ ವಿಷಯ."

ಜೀವವಿಕಾಸದ ಪಾಠ ಮುಗಿಯುವ ಹೊತ್ತಿಗೆ ಬರುವ ಈ ಮಾತು ನಮ್ಮಲ್ಲಿ ಬಹಳ ಜನರಿಗೆ ಪರಿಚಿತ. ಒಂದು ತಲೆಮಾರು ಕೇಳಿಸಿಕೊಂಡಿತು, ಮುಂದಿನದಕ್ಕೆ ದಾಟಿಸಿತು. ಹೇಳುವವರಲ್ಲಿ ಕೆಟ್ಟ ಉದ್ದೇಶ ಇರುವುದಿಲ್ಲ. ಊರವರ ಮನಸ್ಸು ನೋಯದಿರಲಿ, ಮನೆಯಲ್ಲಿ ಅಜ್ಜಿ ಹೇಳಿದ್ದಕ್ಕೂ ಪುಸ್ತಕಕ್ಕೂ ಜಗಳ ಬಾರದಿರಲಿ, ಎಸ್ಸೆಸ್ಸೆಲ್ಸಿ ಫಲಿತಾಂಶವೂ ಕೆಡದಿರಲಿ ಎಂಬ ಲೆಕ್ಕಾಚಾರ ಅಷ್ಟೆ. ಆದರೆ ಮುಂದಿನ ಬೆಂಚಿನಲ್ಲಿ ಕೂತ ಹುಡುಗಿ ಆ ಗಳಿಗೆಯಲ್ಲಿ ಡಾರ್ವಿನ್‌ನನ್ನೂ ಕಲಿಯುವುದಿಲ್ಲ, ದೇವರನ್ನೂ ಕಲಿಯುವುದಿಲ್ಲ. ದೊಡ್ಡವರು ಒಂದನ್ನು ನಂಬಿ ಇನ್ನೊಂದನ್ನು ಬೋಧಿಸಬಹುದು, ಹಾಗೆ ಮಾಡಿದರೆ ಯಾರೂ ಕೇಳುವುದಿಲ್ಲ ಎಂಬುದನ್ನು ಕಲಿಯುತ್ತಾಳೆ. ಹತ್ತನೇ ತರಗತಿಯ ವಯಸ್ಸಿಗೆ ಇಷ್ಟು ಕಲಿತ ಮಗುವಿಗೆ ಮುಂದೆ ನಾವು ಸತ್ಯದ ಬಗ್ಗೆ ಏನು ಉಪದೇಶ ಮಾಡಿದರೂ ಅದು ಒಳಗೆ ಇಳಿಯುವುದಿಲ್ಲ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಮೇಷ್ಟ್ರುಗಳೇ, ಟೀಚರಮ್ಮಂದಿರೇ, ಮಠಗಳ ಪೂಜ್ಯರೇ, ಮಕ್ಕಳ ತಂದೆತಾಯಿಗಳೇ, ಈ ಎರಡು ನಾಲಿಗೆಯ ಪಾಠ ನಿಲ್ಲಿಸಿ ಎಂದು ಕೈಮುಗಿದು ಕೇಳಲು ಇದನ್ನು ಬರೆಯುತ್ತಿದ್ದೇನೆ. ಬೇರೆ ಜಿಲ್ಲೆಯವರಿಗಿಂತ ನಮಗೆ ಈ ಮಾತು ಹೆಚ್ಚು ತಟ್ಟಬೇಕು. ಜೀವವೆಂಬುದು ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಾಗಿದ್ದ ಕಾಲದ ದಾಖಲೆ ನಮ್ಮ ಹೊಲದ ಬದುಗಳ ಪಕ್ಕದಲ್ಲೇ ಬಿದ್ದಿದೆ.

ಹಿರಿಯೂರಿನಿಂದ ದುರ್ಗಕ್ಕೆ ಹೋಗುವ ಹೆದ್ದಾರಿಯಲ್ಲಿ ಐಮಂಗಲ ಸಿಗುತ್ತದಲ್ಲ, ಆ ಕಡೆಯ ಮರಡಿಹಳ್ಳಿಗೆ ಒಮ್ಮೆ ಹೋಗಿ. ದುರ್ಗದಿಂದ ಆಗ್ನೇಯಕ್ಕೆ ಸುಮಾರು 16 ಕಿಲೋಮೀಟರ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿರುವ ಬಂಡೆ ಅಲ್ಲಿದೆ. ದೂರದಿಂದ ನೋಡಿದರೆ ಸಾಮಾನ್ಯ ಕಲ್ಲುಗುಡ್ಡ. ಹತ್ತಿರ ಹೋದರೆ, ಮಂಡಿಯಲ್ಲಿ ಅಟ್ಟಿ ಹಾಕಿದ ತುಂಬಿದ ಚೀಲಗಳ ಹಾಗೆ ಒಂದರ ಮೇಲೊಂದು ಕೂತ ಉಬ್ಬು ಕಲ್ಲುಗಳು, ಹಸಿರು ಮಿಶ್ರಿತ ಬೂದು ಬಣ್ಣ. ಒಂದನ್ನೇ ಹಿಡಿದು ನಿಧಾನವಾಗಿ ನೋಡಬೇಕು. ಮೇಲ್ಭಾಗ ಗುಮ್ಮಟದಂತೆ ಉಬ್ಬಿದೆ. ಕೆಳಭಾಗ ಚೂಪಾಗಿ ಇಳಿದು, ಕೆಳಗಿನ ಎರಡು ಕಲ್ಲುಗಳ ನಡುವಿನ ಸಂದಿಯೊಳಗೆ ಕೂತಿದೆ. ಅಂದರೆ ಇದು ಬಂದು ಕೂತಾಗ ಮೆತ್ತಗಿತ್ತು, ಕೆಳಗಿನವು ಆಗಲೇ ಗಟ್ಟಿಯಾಗಿದ್ದವು. ಅಂಚಿನ ಸುತ್ತ ಬೇರೆಯೇ ಬಣ್ಣದ ತೆಳ್ಳನೆಯ ಸಿಪ್ಪೆ, ಅಲ್ಲಿ ಕಲ್ಲಿನ ಕಣಗಳು ತೀರಾ ಸಣ್ಣವು. ಕೆಂಪಗೆ ಕಾದ ಲಾವಾರಸ ತಣ್ಣೀರಿಗೆ ತಾಗಿದಾಗ ಹೊರಮೈ ಥಟ್ಟನೆ ಹೆಪ್ಪುಗಟ್ಟುತ್ತದೆ, ಒಳಗಿನದು ನಿಧಾನವಾಗಿ ಆರುತ್ತದೆ. ಈ ಸಿಪ್ಪೆ ಹುಟ್ಟುವುದೇ ಹಾಗೆ. ಇವತ್ತಿಗೂ ಹವಾಯಿ ದ್ವೀಪದ ಅಂಚಿನಲ್ಲಿ ಲಾವಾ ಕಡಲಿಗೆ ಇಳಿದಾಗ ಮುಳುಗುಗಾರರು ಇದೇ ಆಕಾರ ಮೂಡುವುದನ್ನು ಕಣ್ಣಾರೆ ಕಂಡಿದ್ದಾರೆ. ಹಾಗಾದರೆ ಇವತ್ತು ಒಂದು ಮಳೆಗಾಗಿ ಮುಗಿಲು ನೋಡುವ ಐಮಂಗಲದ ಈ ನೆಲ 250 ಕೋಟಿ ವರ್ಷಗಳಿಗೂ ಹಿಂದೆ ಕಡಲಿನ ತಳವಾಗಿತ್ತು. ಪುಸ್ತಕ ಮುಚ್ಚಿಟ್ಟರೂ ಇದನ್ನು ಆ ಕಲ್ಲಿನ ಮೈಮೇಲೆ ಓದಬಹುದು.

ಅದೊಂದೇ ಅಲ್ಲ. ಮೂಡಣಕ್ಕೋ ಪಡುವಣಕ್ಕೋ ಹತ್ತಿಪ್ಪತ್ತು ಮೈಲಿ ಸರಿದರೆ ಈ ಕಡಲ ಕಥೆಯ ಹಿಂದಿನ ಮುಂದಿನ ಅಧ್ಯಾಯಗಳು ಸಿಗುತ್ತವೆ. ಭೂವಿಜ್ಞಾನಿಗಳು ಈ ಶಿಲಾಸ್ತರಗಳಿಗೆ ಇಟ್ಟಿರುವ ಹೆಸರು ಕೇಳಿ: ವಾಣಿವಿಲಾಸ, ಇಂಗಳದಾಳ, ಹಿರಿಯೂರು. ಮೂರೂ ಸೇರಿ ಚಿತ್ರದುರ್ಗ ಗುಂಪು. ಪ್ರಪಂಚದ ಯಾವ ಮೂಲೆಯಲ್ಲಿ ಭೂಮಿಯ ಎಳೆತನದ ಬಗ್ಗೆ ಓದುವ ವಿದ್ಯಾರ್ಥಿಯಾದರೂ ಇವೂ ಸೇರಿದ ಧಾರವಾಡದ ಶಿಲೆಗಳಿಗೆ ಬಂದರೆ ನಮ್ಮ ಊರುಗಳ ಹೆಸರನ್ನು ಉಚ್ಚರಿಸಲೇಬೇಕು. ಹೊಳಲ್ಕೆರೆ ಕಡೆಯ ತಾಳ್ಯದ ಹೆಸರಿನಲ್ಲಿ ಒಂದು ಬಗೆಯ ಕಲ್ಲೇ ಇದೆ: ದುಂಡಗೆ ಸವೆದ ಹಳೆಯ ನುಣುಪುಗಲ್ಲುಗಳು ಬೆಸೆದುಕೊಂಡು, ಆಮೇಲೆ ಬೆಟ್ಟ ಏಳುವಾಗಿನ ಒತ್ತಡಕ್ಕೆ ಸಿಕ್ಕಿ ಉದ್ದುದ್ದಕ್ಕೆ ಎಳೆದಂತಾದ ಬಂಡೆ. ಈ ಕಡಲಿಗಿಂತ ಮುಂಚೆ ಇಲ್ಲಿ ನೆಲವಿತ್ತು ಎಂಬುದಕ್ಕೆ ಆ ನುಣುಪುಗಲ್ಲೇ ಸಾಕ್ಷಿ. ಅದಕ್ಕೂ ಹಿಂದಿನವು ಗಟ್ಟಿಹೊಸಹಳ್ಳಿಯ ಶಿಲೆಗಳು.

ಜೀವದ ಗುರುತು ಇರುವುದು ವಾಣಿವಿಲಾಸ ಸ್ತರದ ಸುಣ್ಣಶಿಲೆಯಲ್ಲಿ. ವಾಣಿವಿಲಾಸ ಸಾಗರವೆನ್ನುವ ಮಾರಿಕಣಿವೆಯ ಅಣೆಕಟ್ಟನ್ನು 1898ರಲ್ಲಿ ಶುರುಮಾಡಿ 1907ರಲ್ಲಿ ಮುಗಿಸಿದರು. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ನಾವೆಲ್ಲ ಸಂಸಾರ ಸಮೇತ ಹೋಗಿ ಆ ನೀರು ನೋಡಿಬಂದೆವು, ಕಣಿವೆ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿದೆವು. ಆ ಸಾಗರಕ್ಕೆ ಹೆಸರು ಕೊಟ್ಟ ರಾಣಿಯ ಹೆಸರನ್ನೇ ಹೊತ್ತ ಶಿಲಾಸ್ತರದಲ್ಲಿ ಪದರ ಪದರವಾಗಿ, ಸಣ್ಣ ದಿಣ್ಣೆಗಳಂತೆ ಉಬ್ಬಿದ ರಚನೆಗಳಿವೆ. ಸ್ಟ್ರೊಮ್ಯಾಟೊಲೈಟ್ ಎಂದು ಕರೆಯುತ್ತಾರೆ. ಆಳವಿಲ್ಲದ ಕಡಲಿನಲ್ಲಿ ಲೋಳೆಯಂತೆ ಹಬ್ಬಿದ ಸೂಕ್ಷ್ಮಜೀವಿಗಳು ಬಿಸಿಲಿಗೆ ಮೈಯೊಡ್ಡಿ, ಮೇಲೆ ಬಿದ್ದ ಕೆಸರನ್ನು ಹಿಡಿದಿಟ್ಟು, ಮತ್ತೆ ಅದರ ಮೇಲಕ್ಕೆ ಹತ್ತಿ ಪದರ ಕಟ್ಟಿದವು. ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಇವು ಇವತ್ತಿಗೂ ಬದುಕಿ ಬೆಳೆಯುತ್ತಿವೆ. ಆ ಖಂಡದಲ್ಲೇ ಇವುಗಳ ಸುಮಾರು 350 ಕೋಟಿ ವರ್ಷ ಹಳೆಯ ಗುರುತುಗಳೂ ಸಿಕ್ಕಿವೆ. ಭೀಮಸಮುದ್ರದ ಕಡೆಯ ಗುಡ್ಡಗಳಿಂದ ಲಾರಿ ಲಾರಿ ಹೋದ ಕಬ್ಬಿಣದ ಅದಿರಿಗೂ ಜೀವಕ್ಕೂ ನಂಟಿದೆ. ಆ ಕಾಲದ ಕಡಲ ನೀರಿನಲ್ಲಿ ಕರಗಿದ್ದ ಕಬ್ಬಿಣ ಹೀಗೆ ತಳ ಸೇರುವಲ್ಲಿ ಸೂಕ್ಷ್ಮಜೀವಿಗಳ ಕೈವಾಡ ಇತ್ತು ಎಂಬುದೇ ಇಂದು ಬಲವಾಗಿ ನಿಂತಿರುವ ವಿವರಣೆ. 2011ರಲ್ಲಿ ಸುಪ್ರೀಂ ಕೋರ್ಟು ನಮ್ಮ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದಾಗ ಟನ್ನಿನ ಲೆಕ್ಕ, ಕೋಟಿಯ ಲೆಕ್ಕ ಎಲ್ಲ ಪತ್ರಿಕೆಗಳಲ್ಲೂ ಬಂತು. ಆ ಅದಿರು ಎಲ್ಲಿಂದ ಬಂತು, ಯಾರು ಕೂಡಿಟ್ಟದ್ದು ಎಂಬುದನ್ನು ಒಂದು ಮಗುವಿಗೂ ನಾವು ಹೇಳಲಿಲ್ಲ. ನನಗೆ ಅದು ಇವತ್ತಿಗೂ ಸಂಕಟ.

ಇಷ್ಟು ಕೋಟಿ ವರ್ಷ ಎಂದು ಹೇಗೆ ಗೊತ್ತು ಎಂದು ಮಕ್ಕಳು ಕೇಳಿದರೆ ಬೈಯಬೇಡಿ, ಸರಿಯಾದ ಪ್ರಶ್ನೆ ಅದು. ಕೆಲವು ಬಗೆಯ ಶಿಲಾರಸ ಆರುವಾಗ ಜಿರ್ಕಾನ್ ಎಂಬ ಅತಿ ಗಟ್ಟಿಯಾದ ಸಣ್ಣ ಹರಳು ಮೂಡುತ್ತದೆ. ಮೂಡುವಾಗ ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೊರಗೆ ತಳ್ಳುತ್ತದೆ. ಆಮೇಲೆ ಆ ಯುರೇನಿಯಂ ತನ್ನಷ್ಟಕ್ಕೆ ತಾನೇ ಸೀಸವಾಗುತ್ತ ಹೋಗುತ್ತದೆ. ಒಂದು ಬಗೆಯ ಯುರೇನಿಯಂನ ಅರ್ಧ ಪಾಲು ಹಾಗಾಗಲು ಸುಮಾರು 447 ಕೋಟಿ ವರ್ಷ ಬೇಕು. ಹರಳಿನಲ್ಲಿ ಈಗ ಎಷ್ಟು ಯುರೇನಿಯಂ ಉಳಿದಿದೆ, ಎಷ್ಟು ಸೀಸ ಕೂಡಿದೆ ಎಂದು ಅಳೆದರೆ ವಯಸ್ಸು ಹೊರಡುತ್ತದೆ. ಅಳೆಯುವವರು ಆಸ್ತಿಕರಾದರೂ ಅಷ್ಟೇ, ನಾಸ್ತಿಕರಾದರೂ ಅಷ್ಟೇ. ಬೆಂಗಳೂರಿನಲ್ಲಿ ಅಳೆದದ್ದನ್ನು ಪರ್ತ್‌ನಲ್ಲಿ ಇನ್ನೊಬ್ಬರು ಅಳೆದು ತಪ್ಪಿದ್ದರೆ ತಪ್ಪು ಎನ್ನಬಹುದು.

ಇನ್ನು ಮೊಟ್ಟಮೊದಲ ಜೀವ ಹೇಗೆ ಹುಟ್ಟಿತು? ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಜೀವ ವಿಕಾಸವಾದದ್ದು ಒಂದು ಮಾತು, ನಿರ್ಜೀವದಿಂದ ಜೀವ ಮೊಳೆತದ್ದು ಇನ್ನೊಂದು ಮಾತು. ಮೊದಲನೆಯದಕ್ಕೆ ಕಲ್ಲಿನಿಂದ ಹಿಡಿದು ನಮ್ಮ ರಕ್ತದ ಡಿಎನ್‌ಎವರೆಗೆ ಸಾಕ್ಷ್ಯ ರಾಶಿ ಬಿದ್ದಿದೆ. ಎರಡನೆಯದು ಇನ್ನೂ ಪೂರ್ತಿ ಬಿಡಿಸದ ಗಂಟು. ರಷ್ಯಾದ ಒಪಾರಿನ್ 1924ರಲ್ಲಿ, ಇಂಗ್ಲೆಂಡಿನ ಹಾಲ್ಡೇನ್ 1929ರಲ್ಲಿ, ಆದಿಯ ಕಡಲಿನಲ್ಲಿ ರಸಾಯನಗಳು ತಾವೇ ಕೂಡಿ ಜೀವದತ್ತ ಸಾಗಿರಬಹುದು ಎಂದರು. ಆ ಹಾಲ್ಡೇನ್ ಆಮೇಲೆ ಭಾರತಕ್ಕೆ ಬಂದು ಇಲ್ಲಿನ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. 1953ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಗಾಜಿನ ಪಾತ್ರೆಯಲ್ಲಿ ನೀರಾವಿ, ಮೀಥೇನ್, ಅಮೋನಿಯಾ, ಜಲಜನಕ ತುಂಬಿ ವಿದ್ಯುತ್ ಕಿಡಿ ಹಾಯಿಸಿದಾಗ ಅಮೈನೋ ಆಮ್ಲಗಳು ಸಿಕ್ಕವು. 1977ರಲ್ಲಿ ಗ್ಯಾಲಪಗೋಸ್ ಬಳಿ ಕಡಲ ತಳದಲ್ಲಿ, ಬಿಸಿಲೇ ತಲುಪದ ಕಡೆ, ಬಿಸಿನೀರಿನ ಬುಗ್ಗೆಗಳ ಸುತ್ತ ಜೀವಿಗಳು ತುಂಬಿಕೊಂಡಿದ್ದು ಕಂಡಿತು. ಜೀವ ಮೊದಲು ಮೊಳೆತದ್ದು ಅಂಥ ಬುಗ್ಗೆಗಳಲ್ಲೇ ಇರಬಹುದು ಎಂದು ಅಂದಿನಿಂದ ಹಲವರು ವಾದಿಸುತ್ತಿದ್ದಾರೆ. ಅಂಥ ಹಲವು ಬುಗ್ಗೆಗಳ ನೆಲದಲ್ಲಿ ಏನು ಹಾಸಿರುತ್ತದೆ ಗೊತ್ತೇ? ನಮ್ಮ ಮರಡಿಹಳ್ಳಿಯಲ್ಲಿ ಇರುವಂಥದೇ ದಿಂಬಿನ ಆಕಾರದ ಲಾವಾ. ಇಷ್ಟು ಹತ್ತಿರ ಬಂದೂ ವಿಜ್ಞಾನ ಇವತ್ತು "ಪೂರ್ತಿ ಗೊತ್ತಿಲ್ಲ" ಎನ್ನುತ್ತದೆ. ಮೇಷ್ಟ್ರೇ, ತರಗತಿಯಲ್ಲಿ ನೀವೂ ಹಾಗೇ ಅನ್ನಿ. ಅದರಿಂದ ನಿಮ್ಮ ಗೌರವ ಒಂದು ಕೂದಲಷ್ಟೂ ತಗ್ಗುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಮೇಷ್ಟ್ರ ಮಾತನ್ನು, ಅವರು ಗೊತ್ತಿದೆ ಎಂದಾಗ ಮಕ್ಕಳು ನಂಬುತ್ತಾರೆ.

ನಂಬಿಕೆಯವರ ಕಡೆಯಿಂದ ಬರುವ ಒಂದು ಮಾತಿದೆ, ಅದನ್ನೂ ನೋಡಿಬಿಡೋಣ. ವಿಕಾಸವಾದ ನಮಗೆ ಹೊಸದಲ್ಲ, ದಶಾವತಾರದಲ್ಲೇ ಇದೆ. ಮೊದಲು ಮೀನು, ಆಮೇಲೆ ಆಮೆ, ಹಂದಿ, ನರಸಿಂಹ, ವಾಮನ. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ವಿಜ್ಞಾನಿಗಳು ಭೂಮಿಗೆ ಕೊಡುವ ವಯಸ್ಸು ಸುಮಾರು 454 ಕೋಟಿ, ನೋಡಿ, ಹೊಂದುತ್ತಲ್ಲ! ವೇದಿಕೆಯಲ್ಲಿ ಈ ಮಾತಿಗೆ ಚಪ್ಪಾಳೆ ಬೀಳುತ್ತದೆ. ಆದರೆ ಇದರಿಂದ ದೇವರಿಗೂ ಮರ್ಯಾದೆಯಲ್ಲ, ವಿಜ್ಞಾನಕ್ಕೂ ಮರ್ಯಾದೆಯಲ್ಲ. ದಶಾವತಾರದ ಕಥೆ ಹೇಳುವುದು ಧರ್ಮ ಕೆಟ್ಟಾಗ ಇಳಿದುಬರುವ ಕರುಣೆಯ ಬಗ್ಗೆ. ಅದನ್ನು ಪ್ರಾಣಿಶಾಸ್ತ್ರದ ಪಟ್ಟಿ ಮಾಡಿದರೆ ಭಕ್ತನಿಗೆ ಅದರಲ್ಲಿ ಸಿಕ್ಕುತ್ತಿದ್ದದ್ದೂ ಹೋಯಿತು. ಇತ್ತ, ನಾಳೆ ಭೂಮಿಯ ವಯಸ್ಸು ಇನ್ನಷ್ಟು ನಿಖರವಾಗಿ ತಿದ್ದಿದರೆ ಬ್ರಹ್ಮನ ಹಗಲನ್ನೂ ತಿದ್ದುತ್ತೇವೆಯೇ? ತಿದ್ದುವುದಿಲ್ಲ, ತಿದ್ದಬೇಕಾಗಿಯೂ ಇಲ್ಲ. ದುರ್ಗದ ಬೆಟ್ಟದಲ್ಲಿ ಭೀಮ ಹಿಡಿಂಬನನ್ನು ಕೊಂದ ಎಂಬ ಕಥೆಯನ್ನು ಮಕ್ಕಳಿಗೆ ಹೇಳದೆ ಇರಲು ನನ್ನಿಂದ ಆಗುವುದಿಲ್ಲ. ಆ ಬೆಟ್ಟದ ದುಂಡು ಬಂಡೆಗಳು ನೆಲದಾಳದಲ್ಲಿ ಆರಿದ ಗ್ರಾನೈಟು, ಮಳೆ ಗಾಳಿ ಬಿಸಿಲಿಗೆ ಸವೆದು ಹೀಗೆ ಕೂತವು ಎಂಬುದನ್ನೂ ಹೇಳದೆ ಇರಲು ಆಗುವುದಿಲ್ಲ. ಇದು ಕಥೆ, ಇದು ಪರಿಶೀಲಿಸಿದ ಸಂಗತಿ ಎಂದು ಬೇರೆಬೇರೆ ಹೇಳಿದರೆ ಮಗುವಿಗೆ ಎರಡೂ ಸೊಗಸಾಗಿ ಅರ್ಥವಾಗುತ್ತವೆ.

ದೇವರನ್ನು ನಂಬಿಯೂ ಜೀವವಿಕಾಸವನ್ನು ಒಪ್ಪಿದವರು ಲೋಕದಲ್ಲಿ ಕಡಿಮೆಯೇನಿಲ್ಲ. ಪೋಪ್ ಎರಡನೇ ಜಾನ್ ಪಾಲ್ 1996ರಲ್ಲಿ ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಎಂದು ಒಪ್ಪಿಕೊಂಡರು. ಎದುರು ದಾರಿ ಹಿಡಿದವರೂ ಇದ್ದಾರೆ: ಅಮೆರಿಕದ ಟೆನೆಸೀಯಲ್ಲಿ 1925ರಲ್ಲಿ ಈ ಪಾಠ ಮಾಡಿದ್ದಕ್ಕೆ ಮೇಷ್ಟ್ರೊಬ್ಬರನ್ನು ಕೋರ್ಟಿಗೆ ಎಳೆದರು, ಟರ್ಕಿ 2017ರಲ್ಲಿ ಪ್ರೌಢಶಾಲೆಯ ಪಠ್ಯದಿಂದ ಇದನ್ನು ತೆಗೆಯಿತು. ನಮ್ಮ ದೇಶದಲ್ಲಿ 2018ರ ಜನವರಿಯಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಖಾತೆಯ ರಾಜ್ಯ ಸಚಿವ ಸತ್ಯಪಾಲ್ ಸಿಂಗ್, ಮಂಗ ಮನುಷ್ಯನಾದದ್ದನ್ನು ಯಾರೂ ನೋಡಿಲ್ಲ, ಡಾರ್ವಿನ್ ಸಿದ್ಧಾಂತ ತಪ್ಪು ಎಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ಪಠ್ಯದ ಭಾರ ಇಳಿಸುವ ನೆಪದಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ "ಆನುವಂಶೀಯತೆ ಮತ್ತು ವಿಕಾಸ" ಅಧ್ಯಾಯದಿಂದ ವಿಕಾಸದ ಭಾಗ ಕಿತ್ತಿತು. 2023ರ ಏಪ್ರಿಲ್‌ನಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಸಹಿ ಹಾಕಿ ವಿರೋಧಿಸಿದರು. ಹತ್ತನೇ ತರಗತಿ ಮುಗಿಸಿ ಕಲಾ, ವಾಣಿಜ್ಯ ವಿಭಾಗಕ್ಕೆ ಹೋಗುವ, ಇಲ್ಲವೇ ಓದೇ ಬಿಡುವ ನಮ್ಮ ಬಹುಪಾಲು ಮಕ್ಕಳಿಗೆ ಅದೊಂದೇ ಅವಕಾಶವಾಗಿತ್ತು ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇಷ್ಟೆಲ್ಲ ಯಾಕೆ, ಜೀವ ಹೇಗೆ ಹುಟ್ಟಿದರೇನು, ನಮ್ಮ ಅಡಿಕೆ ತೋಟಕ್ಕೆ ನೀರು ಬಂದರೆ ಸಾಕು ಎನ್ನುವವರಿದ್ದಾರೆ. ಹುಟ್ಟಿನ ಬಗ್ಗೆ ನಾವು ಏನು ನಂಬುತ್ತೇವೆಯೋ ಅದರ ಮೇಲೆ ಮನುಷ್ಯರನ್ನು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದು ನಿಂತಿದೆ. ಒಬ್ಬ ತಲೆಯಿಂದ ಹುಟ್ಟಿದ, ಇನ್ನೊಬ್ಬ ಪಾದದಿಂದ ಹುಟ್ಟಿದ ಎಂಬ ಕಥೆ ಈ ನೆಲದಲ್ಲಿ ಬರೀ ಕಥೆಯಾಗಿ ಉಳಿಯಲಿಲ್ಲ. ಯಾರು ಬಾವಿಗೆ ಇಳಿಯಬೇಕು, ಯಾರು ಗುಡಿಯ ಹೊರಗೆ ನಿಲ್ಲಬೇಕು, ಹೋಟೆಲಿನಲ್ಲಿ ಯಾರ ಲೋಟ ಬೇರೆ ಇಡಬೇಕು ಎಂಬುದನ್ನೆಲ್ಲ ಅದು ತೀರ್ಮಾನಿಸಿತು. ಹನ್ನೆರಡನೇ ಶತಮಾನದ ಶರಣರು ಹುಟ್ಟಿನ ಮೇಲುಕೀಳನ್ನೇ ಹಿಡಿದು ಅಲ್ಲಾಡಿಸಿದ್ದು ಅದಕ್ಕೇ. ಇವತ್ತು ಜೀವವಿಜ್ಞಾನ ಹೇಳುವುದು ಇದು: ಆಫ್ರಿಕಾದಲ್ಲಿ ಕೆಲವು ಲಕ್ಷ ವರ್ಷಗಳ ಹಿಂದೆ ಮೂಡಿದ ಒಂದೇ ಮನುಷ್ಯಕುಲದ ಮಕ್ಕಳು ನಾವೆಲ್ಲ, ಯಾವ ಇಬ್ಬರನ್ನು ತೆಗೆದುಕೊಂಡರೂ ಡಿಎನ್‌ಎ ನೂರಕ್ಕೆ 99.9ರಷ್ಟು ಒಂದೇ. ಶರಣರ ಹೆಸರಿನಲ್ಲಿ ಶಾಲೆ ನಡೆಸುವವರು ಈ ಪಾಠವನ್ನು ತೇಲಿಸಿ ಬಿಟ್ಟರೆ ಅದು ಶರಣರಿಗೇ ಮಾಡುವ ದ್ರೋಹ.

ವಿಜ್ಞಾನದ ಹೆಸರಿನಲ್ಲಿ ನಡೆದ ಅನ್ಯಾಯವನ್ನೂ ಮರೆಮಾಚಬಾರದು. ಹರ್ಬರ್ಟ್ ರಿಸ್ಲಿ ಎಂಬ ಬ್ರಿಟಿಷ್ ಅಧಿಕಾರಿ ಭಾರತೀಯರ ಮೂಗಿನ ಅಗಲ ಅಳೆದು ಜಾತಿಯ ಮೇಲುಕೀಳನ್ನು ಸಾಧಿಸಹೊರಟ. ಡಾರ್ವಿನ್‌ನನ್ನು ತಿರುಚಿ ಯೂರೋಪಿನಲ್ಲಿ ಲಕ್ಷಾಂತರ ಜನರನ್ನು ಕೊಂದರು. ಆ ಲೆಕ್ಕಗಳು ಸುಳ್ಳೆಂದು ತೋರಿಸಿದ್ದು ಇನ್ನೂ ಸರಿಯಾಗಿ ಅಳೆದವರು, ಸಾಕ್ಷ್ಯ ಕೇಳಿದವರು. ಮಕ್ಕಳಿಗೆ ಇದನ್ನೂ ಹೇಳಿ.

ನಮ್ಮ ಬಯಲುಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣು, ಹೆತ್ತ ಬಾಣಂತಿ ಹಟ್ಟಿಯ ಹೊರಗಿರಬೇಕು ಎಂಬ ಕಟ್ಟಳೆ ಇನ್ನೂ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ಬಳಿಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೊರಗಿನ ಗುಡಿಸಿಲಿನಲ್ಲಿ ಮಳೆಗಾಳಿಗೆ ಸಿಕ್ಕ ಎಳೆಗೂಸು ಸತ್ತಿತು. ಆ ಸಮುದಾಯದ ಮೇಲೆ ಬೆರಳು ತೋರಿಸಿ ಕೈತೊಳೆದುಕೊಳ್ಳಲು ಇದನ್ನು ಹೇಳುತ್ತಿಲ್ಲ; ಸೂತಕದ ಲೆಕ್ಕ ಇಡದ ಮನೆ ನಮ್ಮ ಯಾವ ಕೇರಿಯಲ್ಲಿದೆ? ಜೀವ ಹೊತ್ತು ತರುವ ರಕ್ತವನ್ನೇ ಮೈಲಿಗೆ ಎಂದು ಕಲಿಸಿದ್ದೇವೆ. ಆ ರಕ್ತದಲ್ಲಿ ಏನಿದೆ, ಗರ್ಭದಲ್ಲಿ ಮಗು ಹೇಗೆ ಬೆಳೆಯುತ್ತದೆ, ಜೀವ ಇಲ್ಲಿಗೆ ಯಾವ ದಾರಿ ನಡೆದು ಬಂತು ಎಂದು ಮನಸ್ಸು ತುಂಬಿ ಪಾಠ ಕೇಳಿದ ಹುಡುಗ ನಾಳೆ ತನ್ನ ಹೆಂಡತಿಯನ್ನು ಗುಡಿಸಿಲಿಗೆ ಕಳಿಸಲು ಹಿಂಜರಿಯುತ್ತಾನೆ. ಪರೀಕ್ಷೆಗಷ್ಟೇ ಬರೆದ ಹುಡುಗ ಕಳಿಸುತ್ತಾನೆ.

ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರತಿ ಪ್ರಜೆಯ ಕರ್ತವ್ಯ ಎಂದು ನಮ್ಮ ಸಂವಿಧಾನದ 51ಎ ವಿಧಿ ಹೇಳುತ್ತದೆ. 1976ರ ತಿದ್ದುಪಡಿಯಲ್ಲಿ ಸೇರಿದ್ದು. ಅದೇ ಸಂವಿಧಾನ ನಂಬುವ ಸ್ವಾತಂತ್ರ್ಯವನ್ನೂ ಕೊಟ್ಟಿದೆ. ತೇರುಮಲ್ಲೇಶ್ವರನ ತೇರು ಎಳೆಯಿರಿ, ಉರುಸಿಗೆ ಹೋಗಿ, ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ. ತರಗತಿಗೆ ಬಂದಾಗ ಸಾಕ್ಷ್ಯವಿರುವುದನ್ನು ಸಾಕ್ಷ್ಯವಿದೆ ಎಂದು ನೇರ ಹೇಳಿ. ಕನ್ನಡದಲ್ಲಿ ಹೇಳಲು ಪದ ಸಾಲದು ಎಂಬ ನೆವವೂ ಇಲ್ಲ. ಶಿವರಾಮ ಕಾರಂತರು ಮಕ್ಕಳಿಗಾಗಿ "ಬಾಲಪ್ರಪಂಚ" ಬರೆದದ್ದು 1936ರಲ್ಲಿ. ತೇಜಸ್ವಿಯವರ "ಮಿಸ್ಸಿಂಗ್ ಲಿಂಕ್" ಮನುಷ್ಯನ ಮೂಲದ ಹುಡುಕಾಟವನ್ನು ಹಳ್ಳಿ ಹುಡುಗರೂ ಒಂದೇ ಉಸಿರಿಗೆ ಓದುವಂತೆ ಹೇಳಿದೆ. ನಿಮ್ಮ ಶಾಲೆಯ ಗ್ರಂಥಾಲಯದ ಬೀರುವಿನಲ್ಲಿ ಇವು ಇಲ್ಲದಿದ್ದರೆ ತರಿಸಿ. ಇದ್ದರೆ ಬೀರುವಿನ ಬೀಗ ತೆಗೆಯಿರಿ.

ಪೂಜ್ಯರಲ್ಲಿ ಒಂದು ಬಿನ್ನಹ. ಸಿರಿಗೆರೆಯಿಂದ ಸಾಣೇಹಳ್ಳಿಯವರೆಗೆ ಈ ಸೀಮೆಯ ಮಠಗಳು ಓದು ಕಾಣದ ಊರುಗಳಿಗೆ ಶಾಲೆ ತಂದವು. ಸಾಣೇಹಳ್ಳಿಯ ರಂಗತಂಡ ನಾಟಕ ಹೊತ್ತು ನಾಡೆಲ್ಲ ತಿರುಗಿದೆ. ತಮ್ಮ ಪೀಠದಿಂದ ಒಂದು ಮಾತು ಬಂದರೆ ನೂರು ಹಳ್ಳಿ ಕೇಳುತ್ತದೆ. ಜೀವವಿಕಾಸ ಓದಿದರೆ ಭಕ್ತಿಗೆ ಕುಂದಿಲ್ಲ ಎಂದು ತಾವು ತುಂಬಿದ ಸಭೆಯಲ್ಲಿ ಹೇಳಬೇಕು. ಈ ಕಡಲ, ಈ ಲಾವಾದ, ಈ ಸೂಕ್ಷ್ಮಜೀವಿಯ ಕಥೆಯನ್ನು ರಂಗಕ್ಕೂ ತರಿಸಬೇಕು.

ಜಿಲ್ಲೆಯ ಶಿಕ್ಷಣಾಧಿಕಾರಿಗಳೇ, ಜಿಲ್ಲಾ ಪಂಚಾಯ್ತಿಯವರೇ, ಮರಡಿಹಳ್ಳಿಯ ಬಂಡೆಯ ಕಥೆಯನ್ನು ಐದನೇ ತರಗತಿಯ ಮಗುವಿಗೂ ತಿಳಿಯುವ ಕನ್ನಡದಲ್ಲಿ ಬರೆಸಿ ಅಲ್ಲಿ ನಿಲ್ಲಿಸಿ. ಸುತ್ತ ಕಲ್ಲು ಒಡೆಯದಂತೆ, ಮೇಲೆ ಬಣ್ಣ ಬಳಿಯದಂತೆ ಊರವರನ್ನೇ ಕಾವಲಿಗೆ ಹಚ್ಚಿ. ಮೇಷ್ಟ್ರೇ, ಪ್ರತಿ ವರ್ಷ ಮೈಸೂರು, ಹಂಪಿ, ಜೋಗ ಎಂದು ಪ್ರವಾಸ ಹೊರಡಿಸುತ್ತೀರಿ, ದುಡ್ಡಿಲ್ಲದ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಇದಕ್ಕೆ ಒಂದು ದಿನ, ಬಸ್ ಚಾರ್ಜು, ಬುತ್ತಿ ಇಷ್ಟಿದ್ದರೆ ಸಾಕು. ಎಲ್ಲ ಮಕ್ಕಳನ್ನೂ ಕರೆದುಕೊಂಡು ಹೋಗಿ. ಸುತ್ತಿಗೆ ಬೇಡ, ಒಂದು ಭೂತಗನ್ನಡಿ ಇರಲಿ. ಕಲ್ಲಿನ ಸಿಪ್ಪೆಯನ್ನು ಬೆರಳಲ್ಲಿ ಮುಟ್ಟಿಸಿ, ಯಾವುದು ಮೊದಲು ಆರಿತು, ಯಾವುದು ಆಮೇಲೆ ಬಂದು ಕೂತಿತು ಎಂದು ಅವರಿಂದಲೇ ಹೇಳಿಸಿ. ಈ ಸಲದ ಪ್ರವಾಸದ ಪಟ್ಟಿಯಲ್ಲಿ ಮರಡಿಹಳ್ಳಿ, ವಾಣಿವಿಲಾಸ ಸಾಗರ, ತಾಳ್ಯ ಎಂದು ಬರೆದು ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ.